ಕಾಲೇಜು ಲೈಬ್ರರಿಯ ತಮಾಷೆ ಸುದ್ದಿ, ತುಂಟ ಕಾರ್ಯಕ್ರಮ: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಗ್ರಿ ಕಾಲೇಜಿನ ಲೈಬ್ರರಿಯಲ್ಲಿ ಸುದ್ದಿ ಫಲಕ ನಡೆಸುವ, ವರ್ಷಕ್ಕೆ ನಾಲ್ಕಾರು ಆಟ ಆಡಿಸುವ ಲೈಬ್ರೇರಿಯನ್‌ಗಳೂ ಅವರ ಜೊತೆ ಓಡಾಡುವ ವಿದ್ಯಾರ್ಥಿಗಳೂ ಕೇಳುವ ಪ್ರಶ್ನೆಗಳು ಇವು. ವಿದ್ಯಾರ್ಥಿಗಳೇ ರ್ಯಾಕಿನ ನಡುವೆ ಹೋಗಿ ಪುಸ್ತಕ ತೆಗೆಯುವ ಲೈಬ್ರರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದೆ. ಚೀಟಿ ಕೊಟ್ಟರೆ ಅಟೆಂಡರ್ ಒಳಗಿನಿಂದ ತಂದುಕೊಡುವ ಪದ್ಧತಿ ನಿಮ್ಮಲ್ಲಿದ್ದರೆ ನಿಧಿ ಹುಡುಕಾಟದ ಭಾಗ ಬಿಟ್ಟು ಮಿಕ್ಕದ್ದು ಓದಿ.

ನೋಟಿಸ್ ಬೋರ್ಡ್ ಆಗಲೇ ಇದೆ. ಇನ್ನೊಂದು ಸುದ್ದಿ ಫಲಕ ಯಾಕೆ?

ನೋಟಿಸ್ ಬೋರ್ಡಿನಲ್ಲಿರುವುದು ಸುತ್ತೋಲೆ. ‘ಈ ಮೂಲಕ ಸಕಲ ವಿದ್ಯಾರ್ಥಿಗಳಿಗೆ ತಿಳಿಯಪಡಿಸುವುದೇನೆಂದರೆ’ ಎಂದು ಶುರುವಾಗುವ ಕಾಗದವನ್ನು ಮೂರನೇ ಸಾಲಿನ ತನಕ ಓದುವವರು ಹಾಲ್ ಟಿಕೆಟ್ ಬಾಕಿ ಇರುವವರು ಮಾತ್ರ. ಆದರೂ ಅದನ್ನು ತೆಗೆಯಬೇಡಿ. ತಮಾಷೆ ಫಲಕವನ್ನು ಬೇರೆ ಗೋಡೆಗೆ ಹಾಕಿ, ಹಿಂದಿನ ಬಟ್ಟೆಯ ಬಣ್ಣವನ್ನೂ ಬೇರೆ ಮಾಡಿ. ಎರಡೂ ಒಂದೇ ಬೋರ್ಡಿನಲ್ಲಿದ್ದರೆ ಪರೀಕ್ಷಾ ಶುಲ್ಕದ ಕೊನೆಯ ದಿನವನ್ನೂ ಜೋಕು ಅಂದುಕೊಂಡು ಬಿಡುತ್ತಾರೆ.

ಒಂದು ಕಟ್ಟುಪಾಡು ಮಾತ್ರ ಬಿಡಬೇಡಿ: ಪ್ರತಿ ತಮಾಷೆಯ ಕೊನೆಗೆ ಒಂದು ರ್ಯಾಕ್ ನಂಬರ್ ಇರಬೇಕು. ನಕ್ಕವರು ಆಮೇಲೆ ಎಲ್ಲಿಗೆ ಹೋಗಬೇಕು ಅನ್ನುವುದು ಗೊತ್ತಾಗದಿದ್ದರೆ ಅದೇ ಕಾಗದವನ್ನು ಕ್ಯಾಂಟೀನಿನ ಗೋಡೆಗೂ ಅಂಟಿಸಬಹುದಿತ್ತು.

ಏನು ಬರೆಯುವುದು? ಒಂದೆರಡು ಮಾದರಿ ಕೊಡಿ.

ಎಲ್ಲರಿಗೂ ಬಾಯಿಪಾಠವಾಗಿರುವ ಬರಹದ ಅಚ್ಚುಗಳನ್ನು ಹಿಡಿಯಿರಿ: ಪತ್ರಿಕೆಯ ‘ಕಾಣೆಯಾಗಿದ್ದಾರೆ’, ಲಗ್ನಪತ್ರಿಕೆ, ಬಸ್ಸಿನ ಬೋರ್ಡು, ವಾರಭವಿಷ್ಯ. ಅಚ್ಚು ಪರಿಚಿತವಾಗಿದ್ದಷ್ಟೂ ನಗು ಬೇಗ ಬರುತ್ತದೆ.

ವಾಪಸ್ ಬಾರದ ಪುಸ್ತಕಕ್ಕೆ ಇದು ನಡೆಯುತ್ತದೆ:

‘ಕಾಣೆಯಾಗಿದ್ದಾರೆ. ಹೆಸರು: ಸಾವಯವ ರಸಾಯನಶಾಸ್ತ್ರ, 2ನೇ ಸಂಪುಟ. ವಯಸ್ಸು 11. ಎತ್ತರ 24 ಸೆಂ.ಮೀ., ದಪ್ಪ ಮೈಕಟ್ಟು, ನೀಲಿ ರೆಕ್ಸಿನ್ ಅಂಗಿ, ಬೆನ್ನಿನ ಮೇಲೆ 547 ಎಂಬ ಹಚ್ಚೆ. ಜುಲೈ ಕೊನೆಯ ವಾರ ಯಾರದೋ ಬ್ಯಾಗಿನಲ್ಲಿ ಹಾಸ್ಟೆಲ್ ಕಡೆ ಹೋದದ್ದನ್ನು ಕಂಡವರಿದ್ದಾರೆ. ಒಡಹುಟ್ಟಿದ 1ನೇ ಸಂಪುಟ ಅನ್ನ ನೀರು ಬಿಟ್ಟು 14ನೇ ರ್ಯಾಕಿನಲ್ಲಿ ಒಂಟಿಯಾಗಿ ಕೂತಿದೆ. ಸುಳಿವು ಸಿಕ್ಕವರು ಇಶ್ಯೂ ಕೌಂಟರಿಗೆ ತಲುಪಿಸಿ. ಇಷ್ಟು ದಿನ ಎಲ್ಲಿತ್ತು ಎಂದು ಕೇಳುವುದಿಲ್ಲ. ಫೈನ್ ಮಾತ್ರ ಕೇಳುತ್ತೇವೆ.’

ಪುಸ್ತಕದ ಚಹರೆ ಬರೆಯಿರಿ, ಒಯ್ದವರ ಹೆಸರನ್ನಾಗಲಿ ರಿಜಿಸ್ಟರ್ ನಂಬರನ್ನಾಗಲಿ ಎಂದೂ ಬರೆಯಬೇಡಿ. ‘ಅಂತಿಮ ಬಿ.ಎಸ್ಸಿ.ಯ ಕನ್ನಡಕದ ಹುಡುಗ’ ಎಂಬ ಸುಳಿವೂ ಬೇಡ. ಬಾಕಿದಾರರ ಪಟ್ಟಿ ಸೇರಬೇಕಾದ ಜಾಗ ಬೇರೆ, ಅದರ ಧಾಟಿಯೂ ಬೇರೆ.

ಹೊಸ ಪುಸ್ತಕಗಳಿಗೆ ಲಗ್ನಪತ್ರಿಕೆ ಹೊಂದುತ್ತದೆ. ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ವರ್ಗೀಕರಣ ಬಳಸುವ ಲೈಬ್ರರಿಗೆ ಇಲ್ಲೊಂದು ಸಿದ್ಧ ಜೋಡಿಯಿದೆ. ಅರ್ಥಶಾಸ್ತ್ರದ ಸಂಖ್ಯೆ 330, ಸಂಖ್ಯಾಶಾಸ್ತ್ರದ್ದು 519.5. ಎರಡೂ ಮನೆತನ ಸೇರಿ ಹುಟ್ಟಿದ ಎಕನಾಮೆಟ್ರಿಕ್ಸ್‌ನ ಸಂಖ್ಯೆ 330.015195. ಹೆಣ್ಣಿನ ಮನೆಯ 330 ಮೊದಲಿಗೆ, ನಡುವೆ ಬೆಸುಗೆಯ 01, ಕೊನೆಗೆ ಗಂಡಿನ ಮನೆಯ 5195. ‘ಚಿ. ಸಂಖ್ಯಾಶಾಸ್ತ್ರ, ಚಿ.ಸೌ. ಅರ್ಥಶಾಸ್ತ್ರ ದಂಪತಿಯ ಮಗುವನ್ನು ನೋಡಲು 9ನೇ ರ್ಯಾಕಿಗೆ ಬನ್ನಿ, ಉಡುಗೊರೆ ತರಬೇಡಿ, ಲೈಬ್ರರಿ ಕಾರ್ಡ್ ತನ್ನಿ’ ಎಂದು ಬರೆದರೆ ವರ್ಗೀಕರಣದ ಒಂದು ಪಾಠವೂ ಮುಗಿಯುತ್ತದೆ.

ರ್ಯಾಕಿನ ತುದಿಯ ಫಲಕಗಳಿಗೆ ಬಸ್ಸಿನ ಬೋರ್ಡು ಚೆನ್ನ: ‘500 ವಿಜ್ಞಾನ – 600 ತಂತ್ರಜ್ಞಾನ. ವಯಾ: 530 ಭೌತ, 540 ರಸಾಯನ, 570 ಜೀವಶಾಸ್ತ್ರ.’ ನಡೆಯುವ ದಿಕ್ಕಿಗೂ ಅಂಕಿಗಳ ಏರಿಕೆಗೂ ತಾಳೆಯಿರಬೇಕು. ಹಿಂದುಮುಂದಾದರೆ ತಮಾಷೆ ಹೋಗಿ ದಾರಿ ತಪ್ಪಿಸಿದಂತಾಗುತ್ತದೆ.

ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು?

ಸೋಮವಾರ ಹಾಕಿ, ಮುಂದಿನ ವಾರದ ಶನಿವಾರ ತೆಗೆಯಿರಿ. ಎರಡು ವಾರ. ಮೂರನೇ ವಾರಕ್ಕೆ ಅದು ಗೋಡೆಯ ಬಣ್ಣದ ಭಾಗವಾಗಿರುತ್ತದೆ. ತಿಂಗಳಿಗೆ ಎರಡಕ್ಕಿಂತ ಹೆಚ್ಚು ಮಾಡಲು ಹೋದವರು ಸೆಮಿಸ್ಟರಿನ ನಡುವೆ ಕೈಬಿಡುವುದೇ ಹೆಚ್ಚು.

ಅಕ್ಷರ ಎಷ್ಟು ದೊಡ್ಡದಿರಬೇಕು?

ಫಲಕ ಬರೆಯುವವರ ಲೆಕ್ಕ ಇದು: ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ. ಬಾಗಿಲಿನಿಂದ ಫಲಕ ಇಪ್ಪತ್ತು ಅಡಿ ಇದ್ದರೆ ಶೀರ್ಷಿಕೆಗೆ ಎರಡು ಇಂಚು ಬೇಕು, ಒಳಗಿನ ಬರಹ ಅರ್ಧ ಇಂಚಿದ್ದರೂ ನಡೆಯುತ್ತದೆ. ಹತ್ತಿರ ಬಂದವರು ಓದಿಕೊಳ್ಳುತ್ತಾರೆ. ಕನ್ನಡದಲ್ಲಿ ಸಾಲಿನ ಅಂತರ ಜಾಸ್ತಿ ಬಿಡಿ, ಒಂದೂವರೆ ಪಟ್ಟಾದರೂ ಇರಲಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ‘ಸ್ತ್ರ’ ಯಾವುದು ‘ಸ್ತ’ ಯಾವುದು ದೂರದಿಂದ ತಿಳಿಯುವುದಿಲ್ಲ. ಸ್ಕೆಚ್ ಪೆನ್ನಿನ ಹಳದಿ, ತಿಳಿಹಸಿರು ಟ್ಯೂಬ್‌ಲೈಟಿನ ಕೆಳಗೆ ಕಾಣುವುದೇ ಇಲ್ಲ.

ಆಫೀಸಿನಲ್ಲಿ ಟೈಪ್ ಮಾಡಿಸಿದ ಸುದ್ದಿಯನ್ನು ವಾಟ್ಸಾಪಿಗೆ ಹಾಕಿದರೆ ಗೋಜಲು ಅಕ್ಷರ ಬರುತ್ತದೆ. ಯಾಕೆ?

ಅದು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಆಗಿದೆ, ಯೂನಿಕೋಡಿನಲ್ಲಿ ಅಲ್ಲ. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚಿತ್ರ ಕೂತಿರುತ್ತದೆ. ಫಾಂಟ್ ಇಲ್ಲದ ಫೋನಿಗೆ ಹೋದಾಗ ಒಳಗಿನ ಇಂಗ್ಲಿಷ್ ಗುಡ್ಡೆ ಹೊರಗೆ ಬೀಳುತ್ತದೆ. ನುಡಿ ತಂತ್ರಾಂಶದ ಜೊತೆಯೇ ಪರಿವರ್ತಕ ಬರುತ್ತದೆ, ಅದರಿಂದ ಯೂನಿಕೋಡಿಗೆ ಬದಲಿಸಿ. ಬದಲಿಸಿದ ಮೇಲೆ ಒಮ್ಮೆ ಓದಿ: ಅರ್ಕಾವತ್ತು, ಅಂಕಿಗಳು, ಉದ್ಧರಣ ಚಿಹ್ನೆಗಳು ಎಡವುವ ಜಾಗಗಳು. ಮುದ್ರಣಕ್ಕೆ ಮಾತ್ರ ಬೇಕಿದ್ದರೆ ಪಿಡಿಎಫ್ ಮಾಡಿ ಕಳಿಸಿದರೆ ಸಾಕು.

ಏಪ್ರಿಲ್ 1ಕ್ಕೆ ಸುಳ್ಳು ಸುದ್ದಿ ಹಾಕಬಹುದೆ?

ಹಾಕಬಹುದು, ಆದರೆ ಫೈನ್, ಹಾಲ್ ಟಿಕೆಟ್, ನೋ ಡ್ಯೂ, ಪರೀಕ್ಷೆ, ಸ್ಕಾಲರ್‌ಶಿಪ್, ರಜೆ ಇವು ಯಾವುದರ ಹತ್ತಿರವೂ ಸುಳಿಯಬೇಡಿ. ‘ಇಂದಿನಿಂದ ಫೈನ್ ದಿನಕ್ಕೆ ನೂರು ರೂಪಾಯಿ’ ಎಂಬ ಜೋಕಿನ ಫೋಟೋ ತೆಗೆದು ಒಬ್ಬ ಕಳಿಸಿದರೆ ಸಾಯಂಕಾಲದ ಹೊತ್ತಿಗೆ ಪೋಷಕರ ಫೋನು ಪ್ರಿನ್ಸಿಪಾಲರ ಕಚೇರಿಯಲ್ಲಿ ಮೊಳಗುತ್ತಿರುತ್ತದೆ. ಫೋಟೋದಲ್ಲಿ ತಾರೀಕು ಕಾಣುವುದಿಲ್ಲ, ನಗೆಯೂ ಕಾಣುವುದಿಲ್ಲ.

ನಂಬಲಾರದಷ್ಟು ದೊಡ್ಡ ಸುಳ್ಳು ಹೇಳಿ: ‘599.67 ವಿಭಾಗದ ಆನೆ ತಪ್ಪಿಸಿಕೊಂಡಿದೆ. 630ರ ಬೆಳೆಗೆ ಹಾನಿ, ಕೃಷಿ ವಿಭಾಗದವರು ಪರಿಹಾರಕ್ಕೆ ಅರ್ಜಿ ಹಾಕಿದ್ದಾರೆ.’ ಆನೆಯ ಪುಸ್ತಕಕ್ಕೂ ಕೃಷಿಯ ಪುಸ್ತಕಕ್ಕೂ ಎಷ್ಟು ದೂರ ಎಂದು ನೋಡಲು ನಾಲ್ಕು ಜನ ಎದ್ದು ಹೋದರೆ ಕೆಲಸ ಆಯಿತು. ಮಧ್ಯಾಹ್ನ 12ಕ್ಕೆ ತೆಗೆದುಬಿಡಿ.

ವಾಪಸ್ ಬಂದ ಪುಸ್ತಕದೊಳಗೆ ಸಿಗುವ ವಸ್ತುಗಳನ್ನು ಪ್ರದರ್ಶನಕ್ಕೆ ಇಡಬಹುದೆ?

ಇದಕ್ಕೆ ಸೇರುವಷ್ಟು ಜನ ಭಾಷಣಕ್ಕೆ ಸೇರುವುದಿಲ್ಲ. ಬಸ್ ಟಿಕೆಟ್, ಶಾಂಪೂ ಪ್ಯಾಕೆಟ್, ಜಾಲರಿಯಾದ ಅರಳಿ ಎಲೆ, ಎಣ್ಣೆ ಹೀರಿದ ಬೋಂಡಾ ಕಾಗದ, ಮರಿ ಹಾಕಲೆಂದು ಇಟ್ಟು ಮರೆತ ನವಿಲುಗರಿ. ಒಂದು ಸೆಮಿಸ್ಟರಿನ ಸಂಗ್ರಹಕ್ಕೆ ಇಶ್ಯೂ ಕೌಂಟರಿನಲ್ಲಿ ಒಂದು ಶೂ ಡಬ್ಬಿ ಇಟ್ಟರೆ ಸಾಕು. ಡಬ್ಬಿಗೆ ಹಾಕುವಾಗಲೇ ಚೀಟಿ ಅಂಟಿಸಿ, ಅದರಲ್ಲಿ ಪುಸ್ತಕದ ವರ್ಗ ಸಂಖ್ಯೆ ಮತ್ತು ತಿಂಗಳು ಮಾತ್ರ ಇರಲಿ. ‘ಬೋಂಡಾ ಕಾಗದ, 613.2 ಆಹಾರ ಮತ್ತು ಆರೋಗ್ಯ ವಿಭಾಗದಲ್ಲಿ ಪತ್ತೆ’ ಎಂದರೆ ಅದಕ್ಕೆ ಬೇರೆ ವ್ಯಾಖ್ಯಾನ ಬೇಡ.

ಪ್ರದರ್ಶನಕ್ಕೆ ಇಡಬಾರದವು: ಪತ್ರ, ಫೋಟೋ, ಔಷಧಿ ಚೀಟಿ, ಅಂಕಪಟ್ಟಿ, ಹೆಸರು ಅಥವಾ ಫೋನ್ ನಂಬರ್ ಇರುವ ಯಾವುದೇ ಕಾಗದ. ಪ್ರೇಮಪತ್ರ ಸಿಕ್ಕರೆ ಓದದೆ ಲಕೋಟೆಗೆ ಹಾಕಿ ಮುಚ್ಚಿಡಿ. ಸೆಮಿಸ್ಟರ್ ಮುಗಿದ ಮೇಲೂ ಯಾರೂ ಕೇಳಿ ಬರದಿದ್ದರೆ ಹರಿದುಹಾಕಿ. ಐಡಿ ಕಾರ್ಡು, ಬಸ್ ಪಾಸು ಅಂದೇ ವಾಪಸ್. ದುಡ್ಡು ಸಿಕ್ಕರೆ ರಿಜಿಸ್ಟರಿನಲ್ಲಿ ಬರೆದು ಆಫೀಸಿಗೆ.

ಎಣ್ಣೆ ಕಾಗದ, ಹೂವು, ತಿಂಡಿಯ ಚೂರು ಇವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲೇ ಇಡಿ. ಇಲ್ಲದಿದ್ದರೆ ಡಬ್ಬಿಗೆ ಮೊದಲು ಇರುವೆ, ಆಮೇಲೆ ಜಿರಳೆ, ಜಿರಳೆ ಬಂದರೆ ಅದು ಪುಸ್ತಕದ ಬೆನ್ನಿನ ಅಂಟನ್ನೂ ಬಿಡುವುದಿಲ್ಲ.

‘ಬ್ಲೈಂಡ್ ಡೇಟ್ ವಿತ್ ಎ ಬುಕ್’ ಮಾಡಬೇಕೆಂದಿದ್ದೇವೆ. ಹೇಗೆ?

ಹೆಸರು ಕಾಣದಂತೆ ಪುಸ್ತಕವನ್ನು ಕಾಗದದಲ್ಲಿ ಸುತ್ತಿಟ್ಟು, ಸುಳಿವು ನೋಡಿ ಒಯ್ಯಲು ಬಿಡುವ ಆಟ ಇದು. ಮೊದಲು ಆಟದ ಹೆಸರು ಬದಲಿಸಿ. ‘ಡೇಟ್’ ಎಂದು ಕಂಡ ಕೂಡಲೇ ಕೆಲವು ಕಡೆ ಅನುಮತಿ ಪತ್ರ ಮೇಜಿನಲ್ಲೇ ಉಳಿಯುತ್ತದೆ. ‘ಮುಸುಕಿನ ಪುಸ್ತಕ’ ಎಂದರೆ ಎಲ್ಲರೂ ಒಪ್ಪುತ್ತಾರೆ, ಮುಸುಕಿನ ಜೋಳದ ನೆನಪೂ ಬರುತ್ತದೆ.

ಮೂವತ್ತು ಪುಸ್ತಕ ಆರಿಸಿ. ಮೂರು ವರ್ಷದಿಂದ ಯಾರೂ ಒಯ್ಯದ, ಆದರೆ ಓದಿದರೆ ಇಷ್ಟವಾಗುವ ಪುಸ್ತಕಗಳು. ಡೇಟ್ ಸ್ಲಿಪ್ ನೋಡಿದರೆ ಗೊತ್ತಾಗುತ್ತದೆ, ಸಾಫ್ಟ್‌ವೇರಿನಲ್ಲಿ ವರದಿ ತೆಗೆದರೂ ಆಗುತ್ತದೆ. ಯಾರಿಗೂ ಬೇಡವಾದ್ದನ್ನು ದಾಟಿಸುವ ಉಪಾಯವಾಗಿ ಇದನ್ನು ಬಳಸಬೇಡಿ. ಹಳೆಯ ಗೈಡುಗಳು, ಹಳೆ ಸಿಲಬಸ್ಸಿನ ಪಠ್ಯಗಳು ಮುಸುಕಿನೊಳಗಿಂದ ಬಂದರೆ ಮುಂದಿನ ವರ್ಷ ಒಬ್ಬರೂ ಬರುವುದಿಲ್ಲ.

ಹೊದಿಕೆಗೆ ಖಾಕಿ ಬೈಂಡ್ ಕಾಗದ. ಡೆಮಿ ಗಾತ್ರದ, ಅಂದರೆ ಐದೂವರೆಗೆ ಎಂಟೂವರೆ ಇಂಚಿನ, ಒಂದು ಇಂಚು ದಪ್ಪದವರೆಗಿನ ಪುಸ್ತಕಕ್ಕೆ 15×12 ಇಂಚಿನ ತುಂಡು ಸಾಕು. 30×40 ಇಂಚಿನ ಹಾಳೆಯಿಂದ ಅಂಥ ಆರು ತುಂಡು ಬರುತ್ತವೆ. ಮೂವತ್ತು ಪುಸ್ತಕಕ್ಕೆ ಐದು ಹಾಳೆ, ಕೈತಪ್ಪಿಗೆ ಇನ್ನೊಂದು. 15 ಇಂಚಿನ ಬದಿ ಪುಸ್ತಕವನ್ನು ಸುತ್ತಿ ಬರಬೇಕು, 12 ಇಂಚಿನದು ಮೇಲೆ ಕೆಳಗೆ ಮಡಚಲು. ಸೆಲ್ಲೋಟೇಪು ಕಾಗದದಿಂದ ಕಾಗದಕ್ಕೆ ಮಾತ್ರ, ರಟ್ಟಿಗೆ ತಾಗಿದರೆ ಬಿಚ್ಚುವಾಗ ಬಣ್ಣ ಕಿತ್ತುಕೊಂಡು ಬರುತ್ತದೆ. ಗೋಣಿದಾರ ಕಟ್ಟಿದರೆ ಚೆಂದ ಕಾಣುತ್ತದೆ, ಆದರೆ ಬಿಗಿದರೆ ರಟ್ಟಿನ ಅಂಚಿನಲ್ಲಿ ಗಾಯ. ಒಂದು ಬೆರಳು ಹೋಗುವಷ್ಟು ಸಡಿಲ ಬಿಡಿ.

ಮೇಲೆ ಮೂರು ಸುಳಿವು ಬರೆಯಿರಿ. ಒಂದು ಜಾಗದ್ದು, ಒಂದು ಸ್ವಭಾವದ್ದು, ಒಂದು ಓದುವ ಸಮಯದ್ದು: ‘ಮಲೆನಾಡಿನ ಮಳೆ. ಮಾತಾಳಿ ಅಜ್ಜಿ. ಎರಡು ರಾತ್ರಿ ಸಾಕು.’ ಹೆಸರು, ಲೇಖಕರು, ಪ್ರಶಸ್ತಿ ಬೇಡ. ‘ಹೃದಯಸ್ಪರ್ಶಿ’, ‘ಮನಮುಟ್ಟುವ’ ಎಂಬ ಮಾತುಗಳೂ ಬೇಡ. ಅವು ಮೂವತ್ತಕ್ಕೆ ಮೂವತ್ತು ಪುಸ್ತಕಕ್ಕೂ ಹೊಂದುತ್ತವೆ.

ಮುಚ್ಚಿದ ಮೇಲೆ ಬಾರ್‌ಕೋಡ್ ಕಾಣುವುದಿಲ್ಲವಲ್ಲ, ಇಶ್ಯೂ ಹೇಗೆ?

ಹೊದಿಸುವ ಮೊದಲು ಅಕ್ಸೆಷನ್ ನಂಬರನ್ನು, ಅಂದರೆ ಪ್ರತಿ ಪ್ರತಿಗೂ ಲೈಬ್ರರಿ ಕೊಟ್ಟಿರುವ ಸ್ವಂತ ಸಂಖ್ಯೆಯನ್ನು, ಹೊದಿಕೆಯ ಹಿಂಬದಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆಯಿರಿ. ಕೌಂಟರಿನಲ್ಲಿ ಅದನ್ನು ಕೈಯಿಂದ ಟೈಪ್ ಮಾಡಿದರೆ ಆಯಿತು. ಬಾರ್‌ಕೋಡಿನಲ್ಲಿ ಅಡಗಿರುವ ಸಂಖ್ಯೆ ಅಕ್ಸೆಷನ್ ನಂಬರಿಗಿಂತ ಬೇರೆಯಾಗಿದ್ದರೆ ಬಾರ್‌ಕೋಡಿನ ಸಂಖ್ಯೆಯನ್ನೇ ಬರೆದುಕೊಳ್ಳಿ. ಆರ್‌ಎಫ್‌ಐಡಿ (ರೇಡಿಯೋ ತರಂಗದಿಂದ ಓದುವ ಚಿಪ್) ಇರುವ ಕಡೆ ಈ ತಾಪತ್ರಯವಿಲ್ಲ, ಕಾಗದದ ಮೂಲಕವೇ ಓದುತ್ತದೆ.

ಮೂವತ್ತರ ಪಟ್ಟಿಯೊಂದು ಕೌಂಟರಿನ ಡ್ರಾಯರಿನಲ್ಲಿರಲಿ. ಆಮೇಲೊಬ್ಬರು ‘ಆ ಪುಸ್ತಕ ಎಲ್ಲಿ’ ಎಂದು ರ್ಯಾಕಿನಲ್ಲಿ ಹುಡುಕಿ ಸುಸ್ತಾದಾಗ ಬೇಕಾಗುತ್ತದೆ. ಮುಸುಕು ತೆಗೆದ ಮೇಲೆ ಇಷ್ಟವಾಗದಿದ್ದರೆ ಮರುದಿನ ವಾಪಸ್ ಕೊಡಬಹುದು, ಬೇರೊಂದು ಒಯ್ಯಬಹುದು ಎಂದು ಮೊದಲೇ ಹೇಳಿಬಿಡಿ.

ನಿಧಿ ಹುಡುಕಾಟ ಗದ್ದಲವಾಗದಂತೆ ನಡೆಸುವುದು ಹೇಗೆ?

ಆರು ತಂಡ, ತಂಡಕ್ಕೆ ನಾಲ್ಕು ಜನ, ಆರು ಸುಳಿವು, ನಲವತ್ತು ನಿಮಿಷ. ಸುಳಿವುಗಳು ಸರಪಳಿಯಾಗಿರಬೇಕು: ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಆರರಿಂದ ಮತ್ತೆ ಒಂದಕ್ಕೆ. ಒಂದೊಂದು ತಂಡ ಒಂದೊಂದು ಕಡೆಯಿಂದ ಹೊರಡುತ್ತದೆ. ಆಗ ಇಪ್ಪತ್ನಾಲ್ಕು ಜನ ಒಂದೇ ರ್ಯಾಕಿನ ಮುಂದೆ ಮುಗಿಬೀಳುವುದಿಲ್ಲ. ಎಲ್ಲರನ್ನೂ ಒಂದೇ ಸುಳಿವಿನಿಂದ ಹೊರಡಿಸುವುದೇ ಗದ್ದಲಕ್ಕೆ ಮುಕ್ಕಾಲು ಕಾರಣ. ಕೊನೆಯ ತರಗತಿ ಮುಗಿದ ಮೇಲೆ, ಓದುವ ಕೋಣೆ ಖಾಲಿಯಾಗುವ ಹೊತ್ತಿಗೆ ಇಟ್ಟುಕೊಳ್ಳಿ. ಇಂಟರ್ನಲ್ಸ್ ವಾರದಲ್ಲಿ ಬೇಡವೇ ಬೇಡ.

ಸುಳಿವಿನ ಚೀಟಿಯನ್ನು ಪುಟಗಳ ನಡುವೆ ಇಡಬೇಡಿ, ಕೊನೆಯ ರಟ್ಟಿನ ಒಳಗಿರುವ ಬುಕ್ ಪಾಕೆಟ್ಟಿನಲ್ಲಿ ಇಡಿ. ಪುಟಗಳ ನಡುವಿನ ಚೀಟಿ ಉದುರುತ್ತದೆ, ಮೊದಲ ತಂಡ ಮಡಚಿ ಜೇಬಿಗೆ ಹಾಕಿದರೆ ಎರಡನೆಯದಕ್ಕೆ ಸಿಗುವುದಿಲ್ಲ. ಪ್ರತಿ ಪಾಕೆಟ್ಟಿನಲ್ಲಿ ಆರು ಬಣ್ಣದ ಆರು ಚೀಟಿ, ತಮ್ಮ ಬಣ್ಣದ್ದು ಮಾತ್ರ ತೆಗೆಯಬೇಕು. ಒಟ್ಟು ಮೂವತ್ತಾರು. ಚೀಟಿಯಲ್ಲಿ ಮುಂದಿನ ಸುಳಿವಿನ ಜೊತೆ ಒಂದು ಪದ ಮತ್ತು ಅದರ ಕ್ರಮಸಂಖ್ಯೆ. ಆರೂ ಸೇರಿದರೆ ಗಾದೆ: ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಲೆಕ್ಕಕ್ಕೆ ಸರಿಯಾಗಿ ಆರು ಪದ.

ಇಲ್ಲೊಂದು ಬಿಲವಿದೆ. ‘ಊಟ’, ‘ರೋಗವಿಲ್ಲ’ ಎರಡೇ ಸಿಕ್ಕರೂ ಮಿಕ್ಕದ್ದು ಅಜ್ಜಿ ಇದ್ದ ಮನೆಯ ಯಾರಿಗಾದರೂ ಹೊಳೆಯುತ್ತದೆ. ಆದ್ದರಿಂದ ಗಾದೆಯ ಜೊತೆ ಆರೂ ಪುಸ್ತಕಗಳ ಅಕ್ಸೆಷನ್ ನಂಬರ್ ಬರೆದು ತಂದವರೇ ಗೆದ್ದವರು ಎಂದು ನಿಯಮ ಮಾಡಿ.

ಸುಳಿವಿಗೆ ಯಾವ ಪುಸ್ತಕಗಳು ಒಳ್ಳೆಯವು?

ರ್ಯಾಕುಗಳು ದೂರ ದೂರ ಇರುವಂತೆ: 598 ಪಕ್ಷಿಗಳು, 641.5 ಅಡುಗೆ, 796.358 ಕ್ರಿಕೆಟ್, 954.87 ಕರ್ನಾಟಕದ ಇತಿಹಾಸ. ಕನ್ನಡ ಸಾಹಿತ್ಯದ್ದು ಒಂದಾದರೂ ಇರಲಿ. ಅದರ ಸಂಖ್ಯೆ 894.814, ಮುಂದೆ 1 ಬಂದರೆ ಕಾವ್ಯ, 2 ನಾಟಕ, 3 ಕಥೆ–ಕಾದಂಬರಿ. ಕಾದಂಬರಿ ರ್ಯಾಕಿನಲ್ಲಿ ನೂರಾರು ಪುಸ್ತಕಕ್ಕೆ ಒಂದೇ ಸಂಖ್ಯೆ ಇರುವುದರಿಂದ ಲೇಖಕರ ಹೆಸರಿನ ಮೊದಲಕ್ಷರಗಳ ಮೇಲೆ ಹುಡುಕಬೇಕು, ಅಲ್ಲೇ ತಮಾಷೆ ಶುರು. ಫೋನಿನಲ್ಲಿ ಹುಡುಕಿ ಬೆಳೆದವರಿಗೆ ‘ಶ’ ಎಲ್ಲಿ, ‘ಳ’ ಎಲ್ಲಿ ಎಂದು ವರ್ಣಮಾಲೆಯನ್ನು ಪಿಸುಗುಟ್ಟುತ್ತಲೇ ಕಂಡುಹಿಡಿಯಬೇಕಾಗುತ್ತದೆ. ‘ಯ ರ ಲ ವ ಶ ಷ ಸ ಹ ಳ’ ಎಂಬ ಪಿಸುಮಾತು ರ್ಯಾಕಿನ ಹಿಂದಿನಿಂದ ಕೇಳಿದರೆ ಸುಳಿವು ಸರಿಯಾಗಿದೆ ಎಂದರ್ಥ.

ರಾಜ್ಯೋತ್ಸವದ ತಿಂಗಳಲ್ಲಾದರೆ ಜ್ಞಾನಪೀಠದ ವರ್ಷಗಳನ್ನೇ ಸುಳಿವು ಮಾಡಬಹುದು: 1967 ಕುವೆಂಪು, 1973 ಬೇಂದ್ರೆ, 1977 ಕಾರಂತ, 1983 ಮಾಸ್ತಿ, 1990 ಗೋಕಾಕ್, 1994 ಅನಂತಮೂರ್ತಿ, 1998 ಕಾರ್ನಾಡ್, 2010 ಕಂಬಾರ. ವರ್ಷ ಮಾತ್ರ ಕೊಡಿ, ಹೆಸರು ಅವರೇ ಹುಡುಕಲಿ. ಬೇಂದ್ರೆಯವರನ್ನು ಕಾದಂಬರಿ ರ್ಯಾಕಿನಲ್ಲಿ ಹುಡುಕುವ ತಂಡ ಪ್ರತಿ ಸಲ ಒಂದು ಇದ್ದೇ ಇರುತ್ತದೆ.

ಏನೇನು ಕೈಕೊಡುತ್ತದೆ?

ಒಂದು, ಆ ಪುಸ್ತಕದ ಎರಡು ಪ್ರತಿ ರ್ಯಾಕಿನಲ್ಲಿರುತ್ತವೆ, ಚೀಟಿ ಒಂದರಲ್ಲಿ ಮಾತ್ರ. ಇನ್ನೊಂದನ್ನು ಅಂದಿಗೆ ತೆಗೆದಿಡಿ. ಎರಡು, ಹಿಂದಿನ ದಿನ ಯಾರೋ ಆ ಪುಸ್ತಕವನ್ನೇ ಇಶ್ಯೂ ಮಾಡಿಸಿಕೊಂಡು ಹೋಗುತ್ತಾರೆ. ಸಾಫ್ಟ್‌ವೇರಿನಲ್ಲಿ ಆರೂ ಪುಸ್ತಕಗಳನ್ನು ಆ ದಿನಕ್ಕೆ ‘ಇಶ್ಯೂಗಿಲ್ಲ’ ಎಂದು ಗುರುತಿಸಿ, ಮರುದಿನ ಆ ಗುರುತು ತೆಗೆಯಲು ಮರೆಯಬೇಡಿ.

ಮೂರನೆಯದು ದೊಡ್ಡದು. ತೆಗೆದ ಪುಸ್ತಕವನ್ನು ಎಲ್ಲೋ ತುರುಕುತ್ತಾರೆ. ತಪ್ಪು ಜಾಗಕ್ಕೆ ಹೋದ ಪುಸ್ತಕ ಕಳೆದುಹೋದ ಪುಸ್ತಕಕ್ಕೆ ಸಮ. ಸ್ಟಾಕ್ ವೆರಿಫಿಕೇಶನ್, ಅಂದರೆ ಎಲ್ಲ ಪುಸ್ತಕ ಎಣಿಸಿ ತಾಳೆ ನೋಡುವ ತನಕ ಪತ್ತೆಯಿಲ್ಲ. ಎದುರಾಳಿಗೆ ಸಿಗಬಾರದೆಂದು ಬೇಕೆಂದೇ ಬಚ್ಚಿಡುವವರೂ ಇದ್ದಾರೆ. ಆರೂ ಜಾಗದಲ್ಲಿ ಒಬ್ಬೊಬ್ಬ ಸ್ವಯಂಸೇವಕರನ್ನು ನಿಲ್ಲಿಸಿ, ಅವರ ಕಣ್ಣೆದುರೇ ತೆಗೆದು ಅವರ ಕೈಗೇ ಕೊಡಬೇಕು. ಹುಡುಕಾಟದಲ್ಲಿ ಎಳೆದ ಬೇರೆ ಪುಸ್ತಕಗಳಿಗೆ ಪ್ರತಿ ಸಾಲಿನ ತುದಿಯಲ್ಲಿ ಒಂದು ಮೇಜು. ಆಟ ಮುಗಿದ ಮೇಲೆ ಆ ಸಾಲುಗಳ ವರ್ಗ ಸಂಖ್ಯೆಗಳನ್ನು ಓದಿ ಸರಿಪಡಿಸಲು ಇಬ್ಬರಿಗೆ ಒಂದು ಗಂಟೆ ಬೇಕು. ಅದನ್ನೂ ಕಾರ್ಯಕ್ರಮದ ಸಮಯದಲ್ಲೇ ಲೆಕ್ಕಹಾಕಿ.

ಪುಸ್ತಕದ ಬೆನ್ನುಗಳನ್ನು ಜೋಡಿಸಿ ಕವನ ಮಾಡುವ ಸ್ಪರ್ಧೆ ಕನ್ನಡದಲ್ಲಿ ಆಗುತ್ತದೆಯೆ?

ಚೆನ್ನಾಗಿ ಆಗುತ್ತದೆ, ಪಠ್ಯಪುಸ್ತಕ ಸೇರಿಸಿದರೆ ಇನ್ನೂ ಚೆನ್ನ. ‘ಮಾನವ ಸಂಪನ್ಮೂಲ ನಿರ್ವಹಣೆ’ ಮೇಲೆ, ಅದರ ಕೆಳಗೆ ‘ಮಣ್ಣಿನ ಸವಕಳಿ’, ಅದರ ಕೆಳಗೆ ‘ಪ್ರಥಮ ಚಿಕಿತ್ಸೆ’: ಇಷ್ಟರಲ್ಲಿ ಒಂದು ಕಥೆಯೇ ಮುಗಿಯುತ್ತದೆ. ಮೂರರಿಂದ ಐದು ಪುಸ್ತಕ, ಒಂದು ಫೋಟೋ, ಅರ್ಧ ಗಂಟೆ.

ತೊಡಕು ಎರಡು. ತೆಳು ಪುಸ್ತಕಗಳಿಗೆ, ಅದರಲ್ಲೂ ನಡುವೆ ಪಿನ್ ಹೊಡೆದ ಕವನ ಸಂಕಲನಗಳಿಗೆ ಬೆನ್ನೇ ಇರುವುದಿಲ್ಲ. ಇನ್ನು ಬೆನ್ನಿನ ಬರಹ ಕೆಲವದರಲ್ಲಿ ಮೇಲಿನಿಂದ ಕೆಳಕ್ಕೆ, ಕೆಲವದರಲ್ಲಿ ಕೆಳಗಿನಿಂದ ಮೇಲಕ್ಕೆ. ಮೊದಲನೆಯದನ್ನು ಮುಖ ಮೇಲಾಗಿ ಮಲಗಿಸಿದರೆ ಅಕ್ಷರ ನೇರ ಬರುತ್ತದೆ, ಎರಡನೆಯದನ್ನು ಮುಖ ಕೆಳಗೆ ಮಾಡಬೇಕು. ಲೈಬ್ರರಿಯವರು ಅಂಟಿಸಿದ ಚೀಟಿ ಶೀರ್ಷಿಕೆಯ ಅರ್ಧ ನುಂಗಿರುವುದೂ ಉಂಟು. ಅದಕ್ಕೆ ಸ್ಪರ್ಧಿಗಳನ್ನು ಬೈಯಬೇಡಿ.

ಫೈನ್ ಮನ್ನಾ ವಾರ ಮಾಡಬಹುದೆ?

ಲೈಬ್ರರಿ ಕಮಿಟಿಯ ಠರಾವಿಲ್ಲದೆ ಬೇಡ. ಫೈನ್ ಕಾಲೇಜಿನ ಆದಾಯ, ಆಡಿಟ್‌ನವರು ರಸೀತಿ ಪುಸ್ತಕ ಕೇಳುತ್ತಾರೆ. ‘ಫೈನ್ ಬದಲಿಗೆ ಎರಡು ಪೆನ್ನು ಕೊಡಿ’ ಎಂಬಂಥ ಯೋಜನೆಗಳೂ ಇದೇ ಕಾರಣಕ್ಕೆ ಸಿಕ್ಕಿಹಾಕಿಕೊಳ್ಳುತ್ತವೆ. ಠರಾವಿನಲ್ಲಿ ಯಾವ ದಿನದಿಂದ ಯಾವ ದಿನದವರೆಗೆ, ಯಾರಿಗೆ, ಕಳೆದುಹೋದ ಪುಸ್ತಕದ ಬೆಲೆಗೂ ಅನ್ವಯವೋ ಇಲ್ಲವೋ ಎಂದು ಸ್ಪಷ್ಟವಾಗಿರಲಿ. ಬೆಲೆಗೆ ಅನ್ವಯವಿಲ್ಲ ಎನ್ನುವುದೇ ಒಳ್ಳೆಯದು.

ಕೋಹಾ ಎಂಬ ಲೈಬ್ರರಿ ಸಾಫ್ಟ್‌ವೇರಿನಲ್ಲಿ ಪುಸ್ತಕ ವಾಪಸ್ ಪಡೆಯುವ ಪರದೆಯಲ್ಲೇ ವಿಳಂಬ ಶುಲ್ಕ ಮನ್ನಾ ಮಾಡುವ ಆಯ್ಕೆಯಿದೆ, ಅದಕ್ಕೆ ಸಿಬ್ಬಂದಿ ಖಾತೆಗೆ ಅನುಮತಿ ಇರಬೇಕು. ನಿಯಮವನ್ನೇ ಸೊನ್ನೆ ಮಾಡಿ ಆಮೇಲೆ ಹಿಂದಕ್ಕೆ ತರುತ್ತೇವೆ ಎಂದು ಹೊರಟರೆ ಹಿಂದಕ್ಕೆ ತರುವುದೇ ಮರೆತುಹೋಗುತ್ತದೆ.

ಪ್ರತಿ ವರ್ಷ ಅದೇ ವಾರ ಮಾಡಬೇಡಿ. ಎರಡನೇ ವರ್ಷಕ್ಕೆ ಹಾಸ್ಟೆಲಿನಲ್ಲಿ ಸುದ್ದಿ ಹರಡಿ, ಆ ವಾರ ಬರುವ ತನಕ ಯಾರೂ ಪುಸ್ತಕ ತರುವುದಿಲ್ಲ.

‘ಪುಸ್ತಕದ ಆಸ್ಪತ್ರೆ’ ದಿನಕ್ಕೆ ಏನು ಬೇಕು?

ಬಿಳಿ ಕೋಟು, ‘ಹೊರರೋಗಿ ವಿಭಾಗ’ದ ಬೋರ್ಡು, ರೋಗ ಬರೆದ ಚೀಟಿ ಇವೆಲ್ಲ ನಿಮ್ಮಿಷ್ಟ. ಅಂಟು ಮಾತ್ರ ಸರಿಯಾಗಿರಬೇಕು. ಎರಡು ಚಮಚ ಮೈದಾವನ್ನು ಹತ್ತು–ಹನ್ನೆರಡು ಚಮಚ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಹಾಲಿನ ಬಿಳುಪು ಹೋಗಿ ಗಾಜಿನಂತೆ ಮಿರುಗಿದಾಗ ಇಳಿಸಿ, ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ಬೈಂಡಿಂಗ್‌ನವರು ಹುಳಕ್ಕೆಂದು ಮೈಲುತುತ್ತ ಹಾಕುತ್ತಾರೆ. ಅದು ವಿಷ, ವಿದ್ಯಾರ್ಥಿಗಳ ಕೈಗೆ ಬೇಡ. ಅಂದಿನ ಅಂಟು ಅಂದೇ ಮುಗಿಸಿ, ಉಳಿದದ್ದು ಚೆಲ್ಲಿ.

ಹರಿದ ಪುಟಕ್ಕೆ ಟಿಶ್ಯೂ ಕಾಗದದ ಒಂದು ಸೆಂಟಿಮೀಟರ್ ಅಗಲದ ಪಟ್ಟಿ. ಕತ್ತರಿಯಿಂದ ಕತ್ತರಿಸಬೇಡಿ, ಕೈಯಿಂದ ಹರಿಯಿರಿ. ಎಳೆ ಎಳೆಯಾದ ಅಂಚು ಪುಟದಲ್ಲಿ ಬೆರೆತುಹೋಗುತ್ತದೆ, ಕತ್ತರಿಸಿದ ಅಂಚು ಗೆರೆಯಾಗಿ ಕಾಣುತ್ತದೆ, ಮುಂದಿನ ಸಲ ಅದೇ ಗೆರೆಯಲ್ಲಿ ಹರಿಯುತ್ತದೆ. ಅಂಟು ತೆಳುವಾಗಿ ಹಚ್ಚಿ, ಎರಡೂ ಬದಿಗೆ ಬಟರ್ ಪೇಪರ್ ಇಟ್ಟು, ಮೇಲೆ ದಪ್ಪ ನಿಘಂಟು ಹೇರಿ ರಾತ್ರಿಯಿಡೀ ಬಿಡಿ. ಕಳಚಿದ ಹಾಳೆಯಾದರೆ ಒಳ ಅಂಚಿಗೆ ಮೂರು ಮಿಲಿಮೀಟರ್ ಅಂಟು ಸಾಕು.

ಕೆಡುವುದು ಹೀಗೆ: ಅಂಟು ಹೆಚ್ಚಾದರೆ ಪುಟ ಹಪ್ಪಳದಂತೆ ಸುರುಟುತ್ತದೆ. ಮಳೆಗಾಲದಲ್ಲಿ ಒಣಗದೆ ಬೂಷ್ಟು ಹಿಡಿಯುತ್ತದೆ. ಕರಾವಳಿ, ಮಲೆನಾಡಿನ ಕಾಲೇಜಿನವರು ಜನವರಿ–ಫೆಬ್ರವರಿಯಲ್ಲಿ ಮಾಡಿ. ನುಣುಪು ಆರ್ಟ್ ಪೇಪರಿನ ಪುಟಗಳಿಗೆ ನೀರಂಟು ತಾಗಿದರೆ ಒಂದಕ್ಕೊಂದು ಅಂಟಿ ಬಿಡಿಸಲಾಗದು, ಅವನ್ನು ಆಸ್ಪತ್ರೆಗೆ ಸೇರಿಸಿಕೊಳ್ಳಬೇಡಿ. ಸೆಲ್ಲೋಟೇಪು ಹಾಕಿದ ಹಳೆಯ ಗಾಯವನ್ನು ಕೀಳಲು ಹೋದರೆ ಅಕ್ಷರವೂ ಬರುತ್ತದೆ. ಐವತ್ತು ವರ್ಷ ದಾಟಿದ, ಒಂದೇ ಪ್ರತಿ ಇರುವ ಪುಸ್ತಕಗಳೂ ಇಲ್ಲಿಗೆ ಬೇಡ.

ಆಯುಧಪೂಜೆ ದಿನ ಲೈಬ್ರರಿಯಲ್ಲಿ ಪೂಜೆ ಮಾಡುತ್ತೇವೆ. ಎಚ್ಚರಿಕೆ ಏನು?

ಅರಿಶಿನ ಕಾಗದಕ್ಕೆ ಹತ್ತಿದರೆ ಹೋಗದು. ಕುಂಕುಮ ಬಾರ್‌ಕೋಡ್ ಸ್ಕ್ಯಾನರಿನ ಗಾಜಿಗೆ ಬಿದ್ದರೆ ಮರುದಿನ ಅದು ಕೂಗುವುದೇ ಇಲ್ಲ, ಎಲ್ಲರೂ ಸ್ಕ್ಯಾನರ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಬಟ್ಟು ಇಡುವುದಿದ್ದರೆ ಟ್ರಾಲಿಯ ಕಬ್ಬಿಣಕ್ಕೆ, ಬೀರುವಿನ ಬಾಗಿಲಿಗೆ ಇಡಿ. ಹೊಸ ಪುಸ್ತಕ ನಾಲ್ಕನ್ನು ಬಾಳೆಎಲೆಯ ಮೇಲಲ್ಲ, ಮಣೆಯ ಮೇಲೆ ಇಡಿ. ಎಲೆಯ ನೀರು ರಟ್ಟಿಗೆ ಏರುತ್ತದೆ. ಕರ್ಪೂರ ಬಾಗಿಲಿನ ಹೊರಗೆ. ಬೂದುಗುಂಬಳ ಒಡೆದ ಚೂರನ್ನು ಕೂಡಲೇ ಗುಡಿಸಿ, ಅದರ ಮೇಲೆ ಸ್ಕೂಟರ್ ಜಾರುತ್ತದೆ.

ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯ ತನಕ ಓದಬಾರದು ಎಂಬ ರೂಢಿಯನ್ನು ವಿದ್ಯಾರ್ಥಿಗಳು ಬಹಳ ಶ್ರದ್ಧೆಯಿಂದ ಪಾಲಿಸುತ್ತಾರೆ. ಸುದ್ದಿ ಫಲಕಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಅಕ್ಟೋಬರಿನಲ್ಲಿ ಸಿಗದು.

ಯಾವ ದಿನಗಳನ್ನು ಇಟ್ಟುಕೊಳ್ಳಬೇಕು?

ಆಗಸ್ಟ್ 12 ಗ್ರಂಥಪಾಲಕರ ದಿನ, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಜನ್ಮದಿನದ ಆಚರಣೆ. ಗ್ರಂಥಾಲಯ ಹೇಗಿರಬೇಕೆಂಬ ಅವರ ಐದು ಸೂತ್ರಗಳು ಪ್ರಕಟವಾದದ್ದು 1931ರಲ್ಲಿ. ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ತರಬೇತಿ–ಸಂಶೋಧನಾ ಕೇಂದ್ರ ಶುರುಮಾಡಿದ್ದು 1962ರಲ್ಲಿ, ತೀರಿಕೊಂಡದ್ದೂ 1972ರಲ್ಲಿ ಬೆಂಗಳೂರಿನಲ್ಲೇ. ‘ಪ್ರತಿ ಪುಸ್ತಕಕ್ಕೂ ಅದರ ಓದುಗ’ ಎಂಬ ಅವರ ಮೂರನೇ ಸೂತ್ರವನ್ನೇ ಮುಸುಕಿನ ಪುಸ್ತಕದ ಮೇಜಿಗೆ ಬರೆದು ಹಾಕಿ. ನವೆಂಬರ್ 14ರಿಂದ 20 ಗ್ರಂಥಾಲಯ ಸಪ್ತಾಹ. ಆಟಗಳಿಗೆ ಇದೇ ಸೂಕ್ತ, ರಾಜ್ಯೋತ್ಸವದ ಹುರುಪೂ ಇಳಿದಿರುವುದಿಲ್ಲ. ಏಪ್ರಿಲ್ 23 ವಿಶ್ವ ಪುಸ್ತಕ ದಿನ, ಆದರೆ ಆ ಹೊತ್ತಿಗೆ ಪರೀಕ್ಷೆಯ ಕಾವು ಇರುತ್ತದೆ. ಫಲಕ ಸಾಕು, ಕಾರ್ಯಕ್ರಮ ಬೇಡ.

ತಿಂಡಿ?

ಕಾರಿಡಾರಿನಲ್ಲಿ. ಒಳಗೆ ನೀರಿನ ಬಾಟಲಿಯೂ ಮುಚ್ಚಳವಿದ್ದರೆ ಮಾತ್ರ.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ದಾಖಲೆ ಏನಿಡಬೇಕು?

ಅನುಮತಿ ಪತ್ರ, ಸುತ್ತೋಲೆ, ಸಹಿ ಇರುವ ಹಾಜರಿ ಹಾಳೆ, ಜಿಯೋಟ್ಯಾಗ್ ಇರುವ ನಾಲ್ಕೈದು ಫೋಟೋ, ಒಂದು ಪುಟದ ವರದಿ. ಕಟ್ಟಡದೊಳಗೆ ಜಿಪಿಎಸ್ ಹಿಡಿಯದೆ ಫೋಟೋದಲ್ಲಿ ಪಕ್ಕದ ಊರಿನ ಹೆಸರು ಬರುವುದುಂಟು. ಕಿಟಕಿಯ ಹತ್ತಿರ ನಿಂತು ಒಂದು ತೆಗೆದು ನೋಡಿಕೊಂಡು ಮುಂದುವರಿಯಿರಿ. ವರದಿಯಲ್ಲಿ ‘ವಿದ್ಯಾರ್ಥಿಗಳು ಉತ್ಸಾಹದಿಂದ ಪಾಲ್ಗೊಂಡರು’ ಎನ್ನುವುದಕ್ಕಿಂತ ಆ ವಾರ ಎಷ್ಟು ಪುಸ್ತಕ ಇಶ್ಯೂ ಆದವು, ಹಿಂದಿನ ವರ್ಷ ಅದೇ ವಾರ ಎಷ್ಟಾಗಿದ್ದವು ಎಂಬ ಎರಡು ಅಂಕಿ ಬರೆಯಿರಿ.

ಬಹುಮಾನ ಏನು ಕೊಡುವುದು?

ಸ್ಮರಣಿಕೆ ಕೊಟ್ಟರೆ ಮನೆಯ ಶೋಕೇಸಿನಲ್ಲಿ ಧೂಳು ಹಿಡಿಯುತ್ತದೆ. ಒಂದು ತಿಂಗಳ ಮಟ್ಟಿಗೆ ಒಂದು ಪುಸ್ತಕ ಹೆಚ್ಚು ಒಯ್ಯುವ ಅವಕಾಶ ಕೊಡಿ, ಖರ್ಚಿಲ್ಲ. ಕೋಹಾದಲ್ಲಿ ಮಿತಿ ಇರುವುದು ಸದಸ್ಯ ವರ್ಗದ ಮೇಲೆ, ವ್ಯಕ್ತಿಯ ಮೇಲಲ್ಲ. ಆದ್ದರಿಂದ ‘ವಿಜೇತರು’ ಎಂದು ಒಂದು ವರ್ಗ ಮಾಡಿ, ಗೆದ್ದವರನ್ನು ಅದಕ್ಕೆ ಸೇರಿಸಿ, ಆ ವರ್ಗಕ್ಕೆ ಇಶ್ಯೂ ನಿಯಮ ಬರೆಯಿರಿ. ನಿಯಮ ಬರೆಯದೆ ವರ್ಗ ಮಾತ್ರ ಮಾಡಿದರೆ ಗೆದ್ದ ಹುಡುಗಿಗೆ ಕೌಂಟರಿನಲ್ಲಿ ಒಂದು ಪುಸ್ತಕವೂ ಇಶ್ಯೂ ಆಗದೆ ಹೋಗಬಹುದು. ತಿಂಗಳ ಕೊನೆಗೆ ಅವರನ್ನು ಹಳೆಯ ವರ್ಗಕ್ಕೆ ಮರಳಿಸಬೇಕಾದ ದಿನವನ್ನು ಕೌಂಟರಿನ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿಡಿ.